ಮೂಲೆ ಹರಿಯದ ಕಾಗದ

ಚಿಂಬಲ್, ಗೋವಾ
ಮಂಗಳವಾರ, ೧೧ ನವೆಂಬರ್ ೧೯೯೭

ಪ್ರೀತಿಯ ಜೈನಬ,

ಎರಡು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸು ಎನ್ನುವ ಮಾತು ಹತ್ತು ದಿನಕ್ಕೆ, ಹೆಚ್ಚೆಂದರೆ ಒಂದು ತಿಂಗಳಿಗೆ ಒಪ್ಪುತ್ತದೆ. ಎರಡು ವರ್ಷಕ್ಕೆ ಬೇರೆ ಮಾತು ಬೇಕು. ಅದು ನನಗಿನ್ನೂ ಸಿಕ್ಕಿಲ್ಲ.

ನೀನೂ ಬರೆಯಲಿಲ್ಲ. ನಿಮ್ಮವರು, ದಸ್ತಗೀರ ಮಾಸ್ತರರು, ತೀರಿಹೋದ ಸುದ್ದಿ ತಿಳಿದ ವಾರವೇ ನಾನು ಕಾಗದ ಹಾಕಿದ್ದೆ. ಮನೆಯಿಂದ ಹೊರಗೆ ಬಾರದೆ ಕೂಡುವ ನಿನ್ನ ಇದ್ದತ್ತಿನ ದಿನಗಳು ಮುಗಿಯಲಿ, ಆಮೇಲೆ ಬರೆಯುತ್ತಾಳೆ ಎಂದು ಕಾದೆ. ರಂಜಾನ್ ಬಂತು, ಹೋಯಿತು. ನೀನು ಕಲಿಸುವ ಕಾಲೇಜಿನ ಪರೀಕ್ಷೆಗಳ ಗಡಿಬಿಡಿ ಇರಬೇಕು ಎಂದುಕೊಂಡೆ. ಕೊನೆಗೆ, ನಾನು ಗದಗಕ್ಕೆ ಬಂದು ನಿನ್ನ ಪಕ್ಕ ಕೂಡಲಿಲ್ಲವೆಂದು ನಿನಗೆ ಸಿಟ್ಟು ಬಂದಿದೆ ಎಂದು ತೀರ್ಮಾನಿಸಿಕೊಂಡು ಸುಮ್ಮನಾದೆ. ಆಗ ಲೋಂಡಾ ದಾರಿಯ ರೈಲು ನಿಂತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬಸ್ಸೇನೂ ನಿಂತಿರಲಿಲ್ಲ. ಸಿಟ್ಟಾಗುವ ಹಕ್ಕು ನಿನಗಿದೆ, ಜೈನೂ. ಆದರೆ ಮೂವತ್ತು ವರ್ಷದ ಗೆಳೆತನ ಹೀಗೆ ಸದ್ದಿಲ್ಲದೆ ಒಣಗಿಹೋಗುವುದನ್ನು ನೋಡುತ್ತ ಕೂಡುವ ಶಕ್ತಿ ನನಗಿಲ್ಲ. ಈ ಕಾಗದಕ್ಕಾದರೂ ಒಂದು ಸಾಲು ಬರೆ. ಬೈದು ಬರೆದರೂ ಸರಿ.

ಕೈಯಿಂದ ಬರೆಯುತ್ತಿದ್ದೇನೆ, ನೋಡಿದೆಯಲ್ಲ. ಅಕ್ಷರ ಕೆಟ್ಟಿವೆ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಅಕ್ಷರ ನೋಡಿ, "ಇಂದೂ, ನಿನ್ನ ನೋಟ್ಸ್ ಓದಾಕಲ್ಲ, ಗ್ವಾಡಿಗೆ ಹಚ್ಚಾಕ ಚಲೋ" ಎನ್ನುತ್ತಿದ್ದೆ ನೀನು. ಎರಡೂವರೆ ವರ್ಷ ಕೀಲಿಮಣೆ ಕುಟ್ಟಿ ಕುಟ್ಟಿ ಬೆರಳಿಗೆ ಪೆನ್ನು ಮರೆತೇಹೋಗಿದೆ. ನಡುನಡುವೆ ಕೈ ನೋಯುತ್ತದೆ, ಎದ್ದು ಹೋಗಿ ಅನ್ನಕ್ಕಿಟ್ಟು ಬಂದು, ಕೈಗೆ ಸಿಕ್ಕ ಪೆನ್ನು ಹಿಡಿಯುತ್ತೇನೆ. ಅದಕ್ಕೇ ಸಾಲುಗಳು ಅಲ್ಲಲ್ಲಿ ಬಣ್ಣ ಬದಲಿಸಿವೆ.

ನಮ್ಮ ಸುದ್ದಿ ಹೆಚ್ಚೇನಿಲ್ಲ. ಮಂಡಿ ನೋವು ಹಾಗೇ ಇದೆ. ಬೆಳಿಗ್ಗೆ ಎರಡು ತಾಸು ಇಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ. ಶಾಲೆ ಎಂದರೆ ಬಾಡಿಗೆಯ ಒಂದು ಕೋಣೆ, ನಲವತ್ತು ಮಕ್ಕಳು. ಎಲ್ಲರೂ ನಮ್ಮ ಕಡೆಯವರೇ: ಬಾಗಲಕೋಟೆ, ಮುದ್ದೇಬಿಹಾಳ, ಸಿಂದಗಿ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ನಮ್ಮ ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ. ಪಾಠ ಮುಗಿಸಿ ಬಂದರೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಕವಿತೆ ಓದೋಣವೆಂದು ಪುಸ್ತಕ ಬಿಡಿಸಿದರೆ ಅದೇ ಪುಟದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗುತ್ತೇನೆ. ಈಗಿನ ನನ್ನ ಕಾವ್ಯಾಸಕ್ತಿ ಇಷ್ಟೇ.

ನಮ್ಮವರು ವೆರ್ಣಾದ ಕಾರ್ಖಾನೆಯಲ್ಲೇ ಇದ್ದಾರೆ. ಕೆಲಸಗಾರರನ್ನು ಕರೆತರುವ ಕಂಪನಿ ಬಸ್ಸುಗಳ ಪಟ್ಟಿ ಮಾಡುವ ಕೆಲಸ ಈಗ ಇವರ ತಲೆಗೆ ಬಿದ್ದಿದೆ. ಯಾವ ಶಿಫ್ಟಿಗೆ ಯಾವ ಬಸ್ಸು, ಅದು ಎಲ್ಲಿ ನಿಲ್ಲಬೇಕು, ಯಾರು ಎಲ್ಲಿ ಹತ್ತಬೇಕು ಎಂದು. ಆಫೀಸಿನಲ್ಲಿ ಮುಗಿಯುವುದಿಲ್ಲವೆಂದು ಮನೆಯ ಕಂಪ್ಯೂಟರಿನಲ್ಲಿ ಮಾಡಲು ಕುಳಿತರು. ಹೋದ ವಾರ ಅದು ಜಾಗವಿಲ್ಲ, ತುಂಬಿದೆ ಎಂದು ಹೇಳಿ ನಿಂತುಬಿಟ್ಟಿತು. ಒಳಗೆ ಏನಿದೆಯೆಂದು ಇವರು ನೋಡಿದರೆ ನನ್ನ ಕಾಗದಗಳು. ಮುನ್ನೂರ ಎಪ್ಪತ್ತೆಂಟು.

"ನಿನ್ನ ಕಾಗದಾ ಹೊರಗ ಹಾಕು ಮಾರಾಯ್ತಿ," ಎಂದರು, "ನನ್ನ ಒಂದ ಬಸ್ ನಿಲ್ಲಸಾಕೂ ಜಾಗಾ ಇಲ್ಲ."

ಹೀಗೆ ಶುರುವಾಯಿತು ಈ ಕೆಲಸ. ನಾಲ್ಕು ದಿನದಿಂದ ಅಳಿಸುತ್ತಿದ್ದೇನೆ. ಅದರಿಂದಲೇ ಈ ಕಾಗದವೂ ಹುಟ್ಟಿತು.

ಕಂಪ್ಯೂಟರಿನ ಕಥೆ ನಿನಗೆ ಅರ್ಧ ಗೊತ್ತು. ಕಾರ್ಖಾನೆಯವರು ಬೇಡವೆಂದು ಮೂಲೆಗೆ ಹಾಕಿದ್ದನ್ನು ಇವರು ತೊಂಬತ್ತೈದರ ಸಂಕ್ರಾಂತಿಗೆ ಮನೆಗೆ ತಂದರು. ಅದರಲ್ಲಿ ಕನ್ನಡ ಅಕ್ಷರ ಮೂಡಿದ ದಿನ ನಾನು ಮೊದಲು ಬರೆದದ್ದು ನಿನಗೇ, ನೆನಪಿದೆಯೇ? ಎಷ್ಟು ಜಂಬದಿಂದ ಬರೆದಿದ್ದೆ! ಆಮೇಲೆ ನಿನಗೆ ಅದರಲ್ಲಿ ಬರೆದದ್ದು ಇನ್ನೊಂದು ಸಲ ಮಾತ್ರ, ಮಾಸ್ತರರು ಹೋದಾಗ. ಉಳಿದ ಮುನ್ನೂರ ಎಪ್ಪತ್ತು ಚಿಲ್ಲರೆ ಕಾಗದಗಳಲ್ಲಿ ಒಂದೂ ನನ್ನದಲ್ಲ. ಇಲ್ಲಿಯ ಹೆಂಗಸರವು.

ಶಾಲೆಗೆ ಮಕ್ಕಳನ್ನು ಬಿಡಲು ಬಂದವರು, "ಅಕ್ಕೋರ, ಊರಿಗೊಂದ ಕಾಗದಾ ಬರದ ಕೊಡ್ರಿ" ಎನ್ನುತ್ತಿದ್ದರು. ಮೊದಲು ಕೈಯಿಂದಲೇ ಬರೆದುಕೊಡುತ್ತಿದ್ದೆ. ಒಮ್ಮೆ ದುರ್ಗಾಬಾಯಿಗೆ ಕಂಪ್ಯೂಟರಿನಲ್ಲಿ ಬರೆದುಕೊಟ್ಟೆ. ಅವಳು ಸಮುದ್ರದ ದಂಡೆಯಲ್ಲಿ ಕನ್ನಡಿ ಹಚ್ಚಿದ ಚೀಲ, ಸರ ಮಾರುವ ಲಂಬಾಣಿ ಹೆಂಗಸು, ಬಾಯಿ ಜೋರು. ಆ ಕಾಗದ ಅವಳ ತಾಂಡಾದಲ್ಲಿ ಕೈಯಿಂದ ಕೈಗೆ ಹೋಯಿತಂತೆ. ಅಚ್ಚಾದ ಕಾಗದ! ಸರಕಾರದಿಂದ ಬಂದಂತಿದೆ ಎಂದು ನಾಯಕನೇ ಎದ್ದು ನಿಂತು ಓದಿದನಂತೆ. ಅಂದಿನಿಂದ ಎಲ್ಲರಿಗೂ ಅಚ್ಚಿನದೇ ಬೇಕು. ಕೈಯಿಂದ ಬರೆದುಕೊಟ್ಟರೆ, "ನಮಗ್ಯಾಕ್ರಿ ಸಾದಾದ್ದು?" ಎಂದು ಮುಖ ಸಣ್ಣ ಮಾಡುವರು.

ನಾನೂ ಹುರುಪಿನಲ್ಲಿದ್ದೆ. ಚಂದದ ಒಂದು ಮಾದರಿ ಮಾಡಿಟ್ಟುಕೊಂಡೆ. ಮೇಲೆ ದೊಡ್ಡದಾಗಿ ಶ್ರೀ, ಸುತ್ತ ಬಳ್ಳಿಯ ಅಂಚು, ಆಮೇಲೆ ‘ಇತ್ತ ನಾವೆಲ್ಲರೂ ಕ್ಷೇಮ’, ಕೊನೆಗೆ ‘ಹಿರಿಯರಿಗೆಲ್ಲ ಶರಣು, ಕಿರಿಯರಿಗೆ ಆಶೀರ್ವಾದ’. ಯಾರು ಬಂದರೂ ಅವರ ಹಳೆಯ ಕಾಗದ ತೆರೆಯುವುದು, ನಡುವಿನ ಮೈ ಅಳಿಸಿ ಹೊಸ ಸುದ್ದಿ ತುಂಬುವುದು, ಹೊಸ ಅಂಕಿ ಕೊಟ್ಟು ಬೇರೆಯಾಗಿ ಇಡುವುದು. ತಲೆಯೂ ಬಾಲವೂ ಇದ್ದಲ್ಲೇ ಇರುತ್ತಿದ್ದವು. ಎಷ್ಟು ಸುಲಭ ನೋಡು. ಆ ಸುಲಭಕ್ಕೇ ನಾನು ಮರುಳಾದದ್ದು.

ಈ ಕಂಪ್ಯೂಟರಿನಲ್ಲಿ ಒಂದೊಂದು ಕಾಗದಕ್ಕೂ ಇಂಗ್ಲಿಷಿನಲ್ಲಿ ಎಂಟು ಅಕ್ಷರದೊಳಗೆ ಹೆಸರಿಡಬೇಕು. ಅಂಕಿಗೆ ಎರಡು ಬಿಟ್ಟರೆ ಹೆಸರಿಗೆ ಆರೇ ಉಳಿಯುತ್ತವೆ. ಮಂಗಿಬಾಯಿ, ಗಂಗೀಬಾಯಿ, ದುರ್ಗಾಬಾಯಿ ಎಲ್ಲರಿಗೂ ಬಾಯಿ ಅರ್ಧಕ್ಕೆ ನಿಂತಿತು. ಅದನ್ನು ಹೇಳಿದರೆ ದುರ್ಗಾಬಾಯಿ, "ನನ್ನ ಬಾಯಿ ಕಡಿಯೂ ಮಶಿನ್ ಇನ್ನೂ ಹುಟ್ಟಿಲ್ಲ ಬಿಡ್ರಿ" ಎಂದಳು.

ಅಳಿಸುವ ಮೊದಲು ಅವರವರ ಕಾಗದ ಅವರವರಿಗೆ ಒಮ್ಮೆ ಓದಿ ಹೇಳಬೇಕು ಎನ್ನಿಸಿತು. ಅವರ ಮಾತು, ಅವರನ್ನು ಕೇಳದೆ ಅಳಿಸಲು ನಾನು ಯಾರು? ಶನಿವಾರ ಮಧ್ಯಾಹ್ನ ಒಬ್ಬೊಬ್ಬರಾಗಿ ಬಂದು ನೆಲದ ಮೇಲೆ ಕುಳಿತರು. ನಾನು ಓದುವುದು, ಅವರು ನಗುವುದು, ಆಮೇಲೆ ಅಳಿಸುವುದು.

ದುರ್ಗಾಬಾಯಿ ಎರಡು ವರ್ಷದ ಹಿಂದೆ ಗಂಡ ಹೀರಪ್ಪನಿಗೆ ಬರೆಸಿದ ಒಂದು ಕಾಗದ ಸಿಕ್ಕಿತು. ಅವನು ಹಬ್ಬಕ್ಕೆಂದು ಊರಿಗೆ ಹೋದವನು ಮೂರು ತಿಂಗಳಾದರೂ ತಿರುಗಿ ಬಂದಿರಲಿಲ್ಲ. ಅವಳು ಹೇಳಿದ್ದನ್ನು ಹಾಗೇ ಬರೆದಿದ್ದೆ: "ನೀ ಬರದಿದ್ರ ನಾನ ಬರ್ತೀನಿ. ನಾ ಬಂದ್ರ ಹೆಂಗ ಬರ್ತೀನಿ ಅನ್ನೂದು ನಿನಗ ಗೊತ್ತೈತಿ, ನಿಮ್ಮವ್ವಗೂ ಗೊತ್ತೈತಿ." ಕಾಗದ ಮುಟ್ಟಿದ ಮರುದಿನವೇ ಹೀರಪ್ಪ ಬಸ್ಸು ಹತ್ತಿದ್ದ.

"ಅಳಿಸಲೇನು?" ಎಂದೆ.

"ಬ್ಯಾಡ್ರಿ ಅಕ್ಕೋರ! ಅದೊಂದ ಇರ್ಲಿ. ಮುಂದ ಕೆಲಸಕ್ಕ ಬರತೈತಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ.

ಒಂದೊಂದಕ್ಕೂ ಅಳಿಸುವ ಗುಂಡಿ ಒತ್ತಿದರೆ ಯಂತ್ರ, ‘ಅಳಿಸುವುದು ಖಂಡಿತವೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಹೌದು ಎಂದರೆ ಮುಗಿಯಿತು. ಬೂದಿಯಿಲ್ಲ, ಚೂರಿಲ್ಲ, ಕಸ ಗುಡಿಸುವುದಿಲ್ಲ. ಪಟ್ಟಿಯಲ್ಲಿ ಕೆಳಗಿನ ಹೆಸರು ಮೇಲೆ ಸರಿದು ಆ ಜಾಗದಲ್ಲಿ ಕುಳಿತುಬಿಡುತ್ತದೆ. ಇನ್ನೂರು ಸಲ ಹೌದು ಎಂದ ಮೇಲೆ ಬೆರಳಲ್ಲ, ಬೇರೆ ಏನೋ ದಣಿಯುತ್ತದೆ.

ಪಟ್ಟಿಯ ನಡುವೆ ನಿನ್ನ ಹೆಸರೂ ಇತ್ತು. ಒಂದೇ ಒಂದು ಫೈಲು. ಅದನ್ನು ತೆರೆಯದೆ ದಾಟಿಹೋದೆ. ನಿನ್ನ ಮೌನವನ್ನು ಕೆಣಕಿದಂತೆ ಆದೀತು ಎನ್ನಿಸಿತು.

ಪಟ್ಟಿಯ ಕೊನೆಯಲ್ಲಿ ಯಲ್ಲವ್ವ ಇದ್ದಾಳೆ. ಅವಳ ಸುದ್ದಿ ಹೇಳದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಕೈ ನೋಯುತ್ತಿದೆ. ನಾಳೆಯೋ ನಾಡಿದ್ದೋ ಮುಂದುವರಿಸುತ್ತೇನೆ.

ಶುಕ್ರವಾರ

ಇವತ್ತು ಮಕ್ಕಳ ದಿನಾಚರಣೆ. ನಲವತ್ತು ಮಕ್ಕಳಿಗೆ ಚುರುಮುರಿ, ಪೆಪ್ಪರಮಿಂಟು ಹಂಚಿ, ಹಾಡು ಹೇಳಿಸಿ ಮನೆಗೆ ಬಂದು ಬಿದ್ದುಕೊಂಡಿದ್ದೆ. ಈಗ ಎದ್ದೆ.

ಯಲ್ಲವ್ವ, ಮಾನಪ್ಪ ಗಂಡ ಹೆಂಡತಿ. ಮುದ್ದೇಬಿಹಾಳದ ಕಡೆಯ ಹಳ್ಳಿಯವರು. ಇಬ್ಬರೂ ಸ್ಲ್ಯಾಬಿನ ಕೆಲಸಕ್ಕೆ ಹೋಗುತ್ತಾರೆ. ಅವಳಿಗೆ ತವರಿನಲ್ಲಿ ತಾಯಿಯಿಲ್ಲ, ಹೀಗಾಗಿ ಬಾಣಂತನ ಇಲ್ಲೇ ಆಯಿತು. ಈ ವರ್ಷದ ಏಪ್ರಿಲಿನಲ್ಲಿ ಹೆಣ್ಣು ಕೂಸು. ಊರಿನಲ್ಲಿರುವ ಅತ್ತೆ ಬಾಳಮ್ಮನಿಗೆ ಮೊದಲ ಮೊಮ್ಮಗಳು. ತೊಟ್ಟಿಲು ಹಾಕಿ ಹೆಸರಿಡುವ ಕಾರ್ಯಕ್ಕೆ ಅವಳೇ ಬರಬೇಕು, ಹೆಸರನ್ನು ಅವಳೇ ತರಬೇಕು ಎಂದು ಇವರ ಹಟ. ಹೊಲದ ಬಿತ್ತಿಗೆ ಮುಗಿಯಲಿ, ಅಲ್ಲಿಯವರೆಗೆ ಕೂಸು ಕೂಸೇ ಆಗಿರಲಿ ಎಂದು ಕಾದರು. ಜುಲೈ ಮೊದಲಿಗೆ ನಾನು ಬರೆದ ಕಾಗದದ ಕೊನೆಯ ಸಾಲು ಇದು: "ತೊಟ್ಟಿಲ ಹಾಕುವ ದಿನವನ್ನು ಮುಂದಿನ ಕಾಗದದಲ್ಲಿ ತಿಳಿಸುತ್ತೇವೆ."

ಜುಲೈ ಕೊನೆಯಲ್ಲಿ ಕೂಸು ಹೋಯಿತು. ಎರಡು ದಿನದ ಜ್ವರ, ಅಷ್ಟೇ. ಆ ವಾರ ಮಳೆ ಹೇಗಿತ್ತೆಂದರೆ ಅವರ ಗುಡಿಸಲಿನ ಒಳಗೂ ಹೊರಗೂ ವ್ಯತ್ಯಾಸವಿರಲಿಲ್ಲ.

ಮರುದಿನ ಮಾನಪ್ಪ ಒಬ್ಬನೇ ಬಂದು ಬಾಗಿಲ ಹೊರಗೆ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. "ಅವ್ವಗ ತಿಳಸಬೇಕ್ರಿ. ಹಸುಗೂಸಿಗೆಲ್ಲಾ ಯಾರ್ ತಾರ್ ಕೊಡ್ತಾರ್ರಿ. ಕಾಗದಾನ ಸಾಕು. ಹೆಂಗ ಹೇಳಬೇಕು ನನಗ ತಿಳೀವಲ್ದು. ಶಬ್ದಾ ನೀವ ಹುಡಕ್ರಿ," ಎಂದ.

ಶಬ್ದ ಹುಡುಕುವುದು! ಅದೊಂದು ವಿದ್ಯೆ ನನಗೆ ಗೊತ್ತಿದೆಯೆಂದು ಇಷ್ಟು ವರ್ಷ ನಂಬಿದ್ದೆ ನೋಡು. ಯಲ್ಲವ್ವನ ಹಳೆಯ ಕಾಗದ ತೆರೆದೆ. ‘ಎಲ್ಲರೂ ಕ್ಷೇಮ’ ಎಂಬ ಸಾಲನ್ನು ಮೊದಲು ತೆಗೆದೆ, ಅಷ್ಟು ಎಚ್ಚರವಿತ್ತು. ಓದುಬರಹ ಬಾರದ ಅಜ್ಜಿಯ ಕಿವಿಗೆ ಒಮ್ಮೆಲೇ ಬಡಿಯದಂತೆ, ಮೆಲ್ಲಗೆ ತಿಳಿಯುವಂತೆ ಒಂದೊಂದು ಮಾತನ್ನೂ ತೂಗಿ ಇಟ್ಟೆ. ಒಂದೂವರೆ ತಾಸು ಕುಳಿತೆ. ಬರೆದದ್ದಕ್ಕೆ ನಾನೇ ಅತ್ತೆ. ಮಾನಪ್ಪ ಅಳದೆ ಹೊರಗೆ ನಿಂತಿದ್ದ. ಕರೆಂಟು ಹೋಗುವ ಮುಂಚೆ ಮುಗಿಯಲೆಂದು ಪ್ರಿಂಟರು ಹಚ್ಚಿ, ಬಂದ ಹಾಳೆಯನ್ನು ಹಾಗೇ ಮಡಚಿ ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ.

ಬರೆಯುವಾಗ ಪರದೆಯ ಮೇಲೆ ಕಾಣುವುದು ಹತ್ತೋ ಹನ್ನೆರಡೋ ಸಾಲು ಮಾತ್ರ. ಕಾಗದದ ತಲೆ ಕಾಣುವುದಿಲ್ಲ. ತಲೆಯಲ್ಲಿ ಶ್ರೀ ಹಾಗೇ ಇತ್ತು, ಬಳ್ಳಿಯ ಅಂಚೂ ಇತ್ತು.

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ. ಶುಭದ ಕಾಗದಕ್ಕೆ ಮೇಲೆ ಶ್ರೀ, ಮೂಲೆಗೆ ಅರಿಷಿಣ. ಸಾವಿನ ಕಾಗದಕ್ಕೆ ಶ್ರೀ ಇರಬಾರದು, ಒಂದು ಮೂಲೆ ಹರಿದಿರಬೇಕು. ಓದು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಎಂದು ಹಿರಿಯರು ಮಾಡಿಟ್ಟದ್ದು. ಮೂಲೆ ಹರಿದದ್ದನ್ನು ಹೊಸ್ತಿಲ ಹೊರಗೇ ಓದಿಸಿ, ಹರಿದು ಚೆಲ್ಲಿ, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಹೋಗುತ್ತಾರೆ. ಶ್ರೀ ಇದ್ದದ್ದು ದೇವರ ಮುಂದೆ ಕೂಡುತ್ತದೆ. ಕನ್ನಡದಲ್ಲಿ ಎಂ.ಎ. ಮಾಡಿದ ನಾನು ಇಡೀ ಕಾಗದ ಬರೆದೆ. ಮೂಲೆ ಹರಿಯುವುದನ್ನು ಮರೆತೆ.

ಕೂಸು ಹೋದ ಒಂಬತ್ತನೆಯ ದಿನ ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾಗಿತ್ತು. ಬಾಗಿಲಲ್ಲಿ ಒಬ್ಬ ಮುದುಕಿ, ತಲೆಯ ಮೇಲೆ ಗಂಟು. ಗುಡಿಸಲುಗಳಿಗೆ ನಂಬರಿಲ್ಲವಾದ್ದರಿಂದ ಎಲ್ಲರ ಕಾಗದಕ್ಕೂ ನಮ್ಮ ಮನೆಯದೇ ವಿಳಾಸ. ಲಕೋಟೆಯನ್ನು ಕಂಡಕ್ಟರನಿಗೆ, ರಿಕ್ಷಾದವನಿಗೆ ತೋರಿಸುತ್ತ ತೋರಿಸುತ್ತ ಬಂದಿದ್ದಳು.

"ಅಚ್ಚಿನ ಅಕ್ಕೋರು ನೀವ ಏನ್ರಿ?"

"ಹೌದ್ರಿ. ನೀವ್ಯಾರು?"

"ನಾ ಮಾನಪ್ಪನ ತಾಯಿ, ಬಾಳಮ್ಮ. ಮೊದ್ಲ ಒಂದ ತಂಬಿಗಿ ನೀರ ಕೊಡ್ರಿ. ಬಸ್ಸಿನ್ಯಾಗ ಎಲಬು ಎಲ್ಲಾ ಜರಡಿ ಹಿಡದಂಗ ಆತು." ನಗುತ್ತಿದ್ದಳು. "ನನ್ನ ಮಗಾ ಸಮುದ್ರದ ಊರಿಗೆ ಬರ್ತೀನಂತ ಹೇಳಿ ಕೆಸರಿನ ಊರಿಗೆ ಬಂದಾನಲ್ರಿ!"

ಇವಳಿಗೆ ಎಲ್ಲ ತಿಳಿದಿದೆ, ದುಃಖವನ್ನು ನುಂಗಿಕೊಂಡು ಹೀಗೆ ಮಾತನಾಡುತ್ತಿದ್ದಾಳೆ ಎಂದುಕೊಂಡೆ ನಾನು. ನೀರು ತಂದುಕೊಟ್ಟೆ. ಕುಡಿದು ಗಂಟು ಬಿಚ್ಚಿದಳು. ಒಳಗೆ ಹಸಿರು ಖಣದ ಕುಬಸ, ಒಂದು ಡಬ್ಬಿ ಅಂಟಿನ ಉಂಡಿ, ಎಲ್ಲಕ್ಕಿಂತ ಮೇಲೆ ಕೂಸಿನ ತಲೆಗೆ ಕಟ್ಟುವ ಕುಂಚಿಗೆ. ಕೆಂಪು ಬಟ್ಟೆಗೆ ಹಳದಿ ಗೋಟು.

"ನೋಡ್ರಿ, ಕಣ್ಣ ಕಾಣಂಗಿಲ್ಲ, ಆದ್ರೂ ನಾನ ಹೊಲದೀನಿ. ಹೆಸರೂ ತಂದೀನಿ. ಅದನ್ನ ಈಗ ಹೇಳಾಕಿ ಅಲ್ಲ, ತೊಟ್ಟಿಲದ ಮುಂದನ ಹೇಳಾಕಿ."

ಇವಳಿಗೆ ಏನೂ ತಿಳಿದಿಲ್ಲ, ಜೈನೂ. "ಕಾಗದಾ ಯಾರ ಕಡಿಂದಾದ್ರೂ ಓದಿಸಿಲ್ಲೇನ್ರಿ?" ಎಂದೆ.

"ಓದಸೂದ ಏನೈತ್ರಿ? ಮ್ಯಾಲ ಶ್ರೀ ಐತಿ, ಸುತ್ತ ಬಳ್ಳಿ ಐತಿ, ಲಗ್ನಪತ್ರಿಕಿ ಇದ್ದಂಗ ಐತಿ. ಕರಿಯೂ ಕಾಗದ ಅಂತ ಕುರುಡಗೂ ತಿಳೀತೈತಿ. ಓದೂ ಮಾಸ್ತರ ಬ್ಯಾರೆ ಊರಿಗೆ ಹೋಗಿದ್ರು. ಅವರ ಹಾದಿ ಕಾಯ್ಕೋತ ಕುಂತ್ರ ದಿನಾ ದಾಟಿ ಹೋದೀತಂತ ಹೊಂಟ ಬಂದೆ." ಸೆರಗಿನ ಗಂಟಿನಿಂದ ಲಕೋಟೆ ತೆಗೆದು, ಹಾಳೆಯನ್ನು ಬಿಡಿಸಿ ನನ್ನ ಕೈಗಿಟ್ಟಳು. ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದ್ದಳು. "ಬರದಾಕಿ ನೀವ ಅದೀರಿ, ಓದಿಬಿಡ್ರಿ ಈಗ. ಯಾವ ದಿನಾ ಇಟ್ಟೀರಿ?"

ಒಂದೂವರೆ ತಾಸು ಹುಡುಕಿದ ಶಬ್ದಗಳೆಲ್ಲ ನನ್ನ ಕೈಯಲ್ಲಿದ್ದವು. ಒಂದೂ ಬಾಯಿಗೆ ಬರಲಿಲ್ಲ. "ಒಳಗ ಬರ್ರಿ" ಎಂದೆ. "ಒಳಗ್ಯಾಕ್ರಿ, ಕಾಲೆಲ್ಲಾ ಕೆಸರು. ಇಲ್ಲೇ ಓದ್ರಿ" ಎಂದು ನನ್ನ ಮುಖವನ್ನೇ ನೋಡುತ್ತ ನಿಂತಳು.

ನಾನು ಹಾಳೆಯ ಬಲಗಡೆಯ ಮೂಲೆಯನ್ನು ಹಿಡಿದು ಹರಿದೆ.

ಬಾಳಮ್ಮ ಅದನ್ನು ನೋಡಿದಳು. ಹರಿದ ಚೂರನ್ನು ನೋಡಿದಳು. ಆಮೇಲೆ ಹೊಸ್ತಿಲಿನ ಹೊರಗೆ, ಒದ್ದೆ ಕಲ್ಲಿನ ಮೇಲೆ ಮೆಲ್ಲಗೆ ಕುಳಿತಳು. "ಕೂಸೋ, ಬಾಣಂತಿಯೋ?" ಎಂದು ಕೇಳಿದಳು.

"ಕೂಸು."

"ಯಾವಾಗ್ರಿ?"

"ಇವತ್ತಿಗೆ ಒಂಬತ್ತ ದಿನಾ."

ಕುಂಚಿಗೆಯನ್ನು ಮಡಚಿ ಗಂಟಿನ ತಳಕ್ಕೆ ಹಾಕಿದಳು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಚೂರು ಚೂರು ಮಾಡಿ ಅಂಗಳದ ನೀರಿಗೆ ಬಿಟ್ಟಳು. ಅರಿಷಿಣ ಹತ್ತಿದ ಒಂದು ಚೂರು ಬಹಳ ಹೊತ್ತು ಬಾಗಿಲ ಮುಂದೆಯೇ ತಿರುಗುತ್ತಿತ್ತು. ನನಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಎದ್ದು, "ಮನಿ ತೋರಸ್ರಿ" ಎಂದಳು. ತಂದ ಹೆಸರನ್ನು ಯಾರಿಗೂ ಹೇಳದೆ ಮೂರು ದಿನದ ಮೇಲೆ ಊರಿಗೆ ಹೋದಳು.

ಅಂದಿನಿಂದ ನಾನು ಕಂಪ್ಯೂಟರಿನಲ್ಲಿ ಒಂದು ಕಾಗದವನ್ನೂ ಬರೆದಿಲ್ಲ. ಯಲ್ಲವ್ವ ನಮ್ಮ ಬಾಗಿಲಿಗೆ ಬರಲಿಲ್ಲ. ಬಾವಿಯ ಹತ್ತಿರ ಒಮ್ಮೆ ಎದುರಾದಾಗ ನಾನು ಏನೋ ಹೇಳಹೋದೆ. ಅವಳು ಕೊಡ ಎತ್ತಿಕೊಂಡು, "ಬಿಡ್ರಿ. ನಮ್ಮ ಮನ್ಯಾಗ ಸತ್ತ ಕೂಸು ನಮ್ಮತ್ತಿ ಮನ್ಯಾಗ ಇನ್ನೂ ಒಂಬತ್ತ ದಿನಾ ಆಡಿಕೋತ ಇತ್ತು. ನಿಮ್ಮ ಅಚ್ಚಿನ ಪುಣ್ಯಾ" ಎಂದು ಹೋದಳು. ಚುಚ್ಚಿ ಹೇಳಿದಳೋ, ಕಂಡದ್ದನ್ನು ಹೇಳಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮೊನ್ನೆ ಶನಿವಾರ ಉಳಿದವರೆಲ್ಲ ಬಂದು ಹೋದ ಮೇಲೆ ಅವಳೂ ಬಂದಳು. ದುರ್ಗಾಬಾಯಿ ಕಳಿಸಿದ್ದಂತೆ. ಬಾಗಿಲಲ್ಲೇ ನಿಂತು ಕೇಳಿದಳು: "ಅದರಾಗ ನಮ್ಮ ಕೂಸಿನ ಸುದ್ದಿ ಎಷ್ಟ ಸಲ ಐತ್ರಿ?"

ನೋಡಿದೆ. ನಾಲ್ಕು ಕಾಗದ. ಹುಟ್ಟಿದ್ದು. ಬಲಗಿವಿಯ ಹಿಂದೆ ಮಚ್ಚೆ ಇರುವುದು. ನಿದ್ದೆಯಲ್ಲಿ ನಗುತ್ತದೆ, ಅಜ್ಜಿಯ ಹಾಗೆ ಗಲ್ಲಕ್ಕೆ ಕುಳಿ ಬೀಳುತ್ತದೆ ಎನ್ನುವುದು. ಆಮೇಲೆ ಕೊನೆಯದು. ಆ ಕೂಸಿನ ಒಂದು ಫೋಟೋ ಇಲ್ಲ, ಒಂದು ಹೆಸರಿಲ್ಲ. ಇರುವುದು ಇಷ್ಟೇ.

"ಓದ್ರಿ," ಎಂದು ಕುಳಿತಳು. ಮೂರನ್ನು ಓದಿದೆ. ಗಲ್ಲದ ಕುಳಿ ಬಂದಾಗ, "ಇನ್ನೊಮ್ಮೆ" ಎಂದಳು. ನಾಲ್ಕನೆಯದನ್ನು ತೆರೆಯುವ ಮುಂಚೆಯೇ ಕೈ ಅಡ್ಡ ಮಾಡಿದಳು. "ಅದು ಬ್ಯಾಡ. ಮೂರೂ ಕಾಗದಕ್ಕ ಇಳಿಸಿ ಕೊಡ್ರಿ. ನಾಕನೇದ್ದನ್ನ ನಾನ ಅಳಿಸ್ತೀನಿ. ಎಲ್ಲಿ ಒತ್ತಬೇಕು?"

ಸಿಮೆಂಟಿಗೆ ಬಿರಿದ ಬೆರಳನ್ನು ಹಿಡಿದು ತೋರಿಸಿದೆ. ಒತ್ತಿದಳು. ಯಂತ್ರ ತನ್ನ ಪ್ರಶ್ನೆ ಕೇಳಿತು.

"ಏನಂತೈತ್ರಿ?"

"ಖರೇನ ಅಳಿಸ್ಲೇನು ಅಂತ ಕೇಳತೈತಿ."

"ಅಳಿಸೂವಾಗ ಇಷ್ಟ ಕೇಳತೈತಿ," ಎಂದಳು ಯಲ್ಲವ್ವ, "ಬರಿಯೂವಾಗ ಯಾಕ್ರಿ ಒಂದ ಮಾತ ಕೇಳೂದಿಲ್ಲ?" ಮತ್ತೆ ಒತ್ತಿದಳು.

ಪ್ರಿಂಟರಿನ ರಿಬ್ಬನ್ನು ಹಳೆಯದಾಗಿತ್ತು. ಮೂರು ಕಾಗದವೂ ಮಸುಕಾಗಿ ಬಂದವು. ಈ ಸಲ ತಲೆಯ ಮೇಲಿನ ಶ್ರೀಯನ್ನು ಇರಿಸಲೋ ತೆಗೆಯಲೋ ಎಂದು ಕೇಳಿದೆ. "ಇರ್ಲಿ. ಆವಾಗ ಅದು ಬದಕಿತ್ತಲ್ರಿ" ಎಂದು ಮಡಚಿ ಕುಬಸದೊಳಗೆ ಇಟ್ಟುಕೊಂಡು ಹೋದಳು.

ಇಷ್ಟು ಬರೆದು ಮನಸ್ಸು ಹಗುರಾಯಿತೆಂದು ಹೇಳಲಾರೆ. ಆದರೆ ಇದನ್ನು ಹೇಳಿಕೊಳ್ಳಲು ನನಗೆ ನಿನ್ನನ್ನು ಬಿಟ್ಟರೆ ಯಾರಿದ್ದಾರೆ? "ಇಂದೂ, ನೀ ಮಂದಿಗಿಂತ ಶಬ್ದಕ್ಕ ಭಾಳ ಮರುಳಾಗ್ತಿ" ಎಂದು ಇಪ್ಪತ್ತೈದು ವರ್ಷದ ಹಿಂದೆ, ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದೆ ನೀನು. ಅಂದು ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ನಿನ್ನ ಮಗಳು ಮರಿಯಮ ಈಗ ಎತ್ತರಕ್ಕೆ ಬೆಳೆದಿರಬೇಕು. ಅವಳ ತಲೆ ನೇವರಿಸಿ, ಗೋವೆಯ ಮಾವಶಿ ನೆನೆದಳೆಂದು ಹೇಳು. ಅವಳು ಬಾಳಿ ಬೆಳಗಲಿ. ನಿನ್ನ ಆರೋಗ್ಯ ನೆಟ್ಟಗಿರಲಿ, ನಿನ್ನ ಮನೆಯ ದೀಪ ತಣ್ಣಗೆ ಉರಿಯಲಿ. ನಮ್ಮವರೂ ನಿನ್ನನ್ನು ಕೇಳಿದ್ದಾರೆ. ಅವರ ಬಸ್ಸುಗಳಿಗೆಲ್ಲ ಜಾಗವಾಯಿತು.

ನಿನ್ನ
ಇಂದುಮತಿ

ಭಾನುವಾರ. ಹಿಂಬರಹ.

ಲಕೋಟೆ ಅಂಟಿಸಿರಲಿಲ್ಲ. ಒಳ್ಳೆಯದೇ ಆಯಿತು.

ಇವತ್ತು ಬೆಳಿಗ್ಗೆ ನಿನ್ನ ಫೈಲು ತೆರೆದೆ. ಒಂದೇ ಫೈಲು ಏಕೆಂದರೆ, ಮಾಸ್ತರರು ಹೋದಾಗ ನಾನು ಹೊಸದಾಗಿ ಬರೆದಿರಲಿಲ್ಲ. ಸಂಕ್ರಾಂತಿಯಲ್ಲಿ ಜಂಬದಿಂದ ಬರೆದ ಆ ಮೊದಲ ಕಾಗದವನ್ನೇ ತೆರೆದು, ಮೈ ಅಳಿಸಿ, ದುಃಖದ ಮಾತುಗಳನ್ನು ತುಂಬಿ, ಅದೇ ಹೆಸರಿನಲ್ಲಿ ಇಟ್ಟಿದ್ದೆ. ಒಂದು ಪುಟ ಪೂರ್ತಿ. ಚಂದ ಬರೆದಿದ್ದೇನೆ, ಈಗ ಓದಿದರೂ ಚಂದವೇ ಇದೆ. ಎರಡನೆಯ ಪುಟಕ್ಕೆ ಜಾರಿದ ಹಳೆಯ ಬಾಲವನ್ನು ನಾನು ಅಂದು ನೋಡಲೇ ಇಲ್ಲ. ಎರಡೂ ಹಾಳೆ ಮಡಚಿ ಕಳಿಸಿದೆ. ಅದರಲ್ಲಿ ಹೀಗಿದೆ: "ಮಾಸ್ತರರಿಗೆ ನನ್ನ ಸಲಾಮು ತಿಳಿಸು. ಅವರ ಕೆಮ್ಮು ಈಗ ಹೇಗಿದೆ? ತಪ್ಪದೆ ಬರೆ."

ತಪ್ಪದೆ ಬರೆ ಎಂದು ಕೇಳಿದ್ದೇನೆ. ನೀನು ಏನೆಂದು ಬರೆಯಬೇಕಿತ್ತು?

ನೀನು ಅದನ್ನು ಎಲ್ಲಿ ಕುಳಿತು ಓದಿದೆಯೋ, ಸುತ್ತ ಯಾರಿದ್ದರೋ, ಮರಿಯಮಳೇ ಗಟ್ಟಿಯಾಗಿ ಓದಿದಳೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಎರಡು ವರ್ಷ ನಿನ್ನ ಮೌನಕ್ಕೆ ನಾನು ಬಸ್ಸಿನ ಕಾರಣ, ರೈಲಿನ ಕಾರಣ ಕೊಟ್ಟುಕೊಂಡೆ. ಬಾಳಮ್ಮ ನನ್ನ ಬಾಗಿಲಿಗೆ ಬಂದಳು, ಹಾಗಾಗಿ ತಿಳಿಯಿತು. ನೀನು ಬರಲಿಲ್ಲ.

ಅಳಿಸುವ ಗುಂಡಿ ಒತ್ತಿದೆ. ಅಳಿಸುವುದು ಖಂಡಿತವೇ ಎಂದು ಕೇಳಿತು. ಇಲ್ಲ ಎಂದೆ. ಅದು ಅಲ್ಲೇ ಇರಲಿ, ಬಸ್ಸುಗಳ ನಡುವೆ.

ಈ ಕಾಗದದ ಬಲಗಡೆಯ ಮೂಲೆ ಹರಿದಿದೆ. ನೋಡಿ ಹೆದರಬೇಡ, ಇಲ್ಲಿ ಯಾರೂ ಹೋಗಿಲ್ಲ, ಅಂಚೆಯವರೂ ಹರಿದಿಲ್ಲ. ದಸ್ತಗೀರ ಮಾಸ್ತರರಿಗಾಗಿ, ಎರಡು ವರ್ಷ ತಡವಾಗಿ, ಈಗ ನಾನೇ ಹರಿದೆ.